ಬೋತ್ನಿಯಾ ಕೊಲ್ಲಿ ದಾಟಿದ ಪೆಟ್ಟಿಗೆಗಳು: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಫಿನ್ಲೆಂಡ್ ಮತ್ತು ಸ್ವೀಡನ್ ನಡುವಣ ಬೇಹುಗಾರಿಕೆಯ ಸಂಬಂಧ ಕುರಿತು ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನೀವು ಬರೆದ ಪತ್ರ ದೀರ್ಘವಾಗಿರುವುದರಿಂದ ಅದನ್ನು ಇಡಿಯಾಗಿ ಅಚ್ಚು ಹಾಕಲಾಗಿಲ್ಲ. ಅದರ ತಿರುಳನ್ನು ಇತರ ಓದುಗರಿಗೆ ತಿಳಿಸಿ ಉತ್ತರಕ್ಕೆ ತೊಡಗುತ್ತೇನೆ. 1944ರಲ್ಲಿ ಫಿನ್ಲೆಂಡಿನ ಸೇನಾ ಗುಪ್ತಚರ ವಿಭಾಗದವರು ತಮ್ಮ ಕಾಗದಪತ್ರಗಳನ್ನು ಹಡಗಿಗೇರಿಸಿ ಸ್ವೀಡನ್ನಿಗೆ ಸಾಗಿಸಿದ್ದನ್ನು ನಾವು ‘ಸೋದರ ರಾಷ್ಟ್ರ ಕೊಟ್ಟ ಆಸರೆ’ ಎಂದು ಕರೆದಿದ್ದೆವು. ಅದು ಆಸರೆಯೋ ವ್ಯಾಪಾರವೋ ಎಂಬುದು ನಿಮ್ಮ ಮೊದಲ ಪ್ರಶ್ನೆ. ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ಟೆಲಿಪ್ರಿಂಟರಿನ ಮುಂದೆ ಕುಳಿತವರಾದ ನಿಮಗೆ, ಜರ್ಮನ್ನರ ಗೂಢಲಿಪಿ ಯಂತ್ರವನ್ನು ಒಬ್ಬ ಸ್ವೀಡಿಷ್ ಪ್ರಾಧ್ಯಾಪಕ ಬರೀ ಕಾಗದ ಪೆನ್ಸಿಲಿನಿಂದ ಎರಡು ವಾರದಲ್ಲಿ ಭೇದಿಸಿದನೆಂಬ ಮಾತು ನಂಬಲಾಗದ್ದು. ಎರಡು ದೇಶಗಳೂ ಈಗ ನ್ಯಾಟೊ ಸೇರಿರುವುದರಿಂದ ಪರಸ್ಪರ ಸಂಶಯ ಮುಗಿಯಿತೇ ಎಂಬುದು ಕೊನೆಯ ಪ್ರಶ್ನೆ.

ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ಅರ್ಧ ಬಿಡಿಸಿದಂತೆ.

1940ರ ಏಪ್ರಿಲ್‌ನಲ್ಲಿ ನಾರ್ವೆಯನ್ನು ಆಕ್ರಮಿಸಿದ ಜರ್ಮನಿ, ಅಲ್ಲಿನ ತನ್ನ ಸೇನೆಯೊಡನೆ ಮಾತಾಡಲು ಸ್ವೀಡನ್ನಿನ ನೆಲದ ಮೇಲೆ ಹಾದುಹೋಗುವ ತಂತಿಗಳನ್ನು ಬಾಡಿಗೆಗೆ ಕೇಳಿತು, ಸ್ವೀಡನ್ ಒಪ್ಪಿತು. ಕದ್ದು ಕೇಳಲು ಸ್ವೀಡಿಷರು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ತಂತಿ ಅವರ ಇಲಾಖೆಯದೇ ಆಗಿತ್ತು. ಅದರಲ್ಲಿ ಹರಿಯುತ್ತಿದ್ದುದು ಸೀಮೆನ್ಸ್ ಕಂಪನಿಯ ಟಿ-52 ಯಂತ್ರದಿಂದ ಹೊರಬಿದ್ದ ಗೂಢಲಿಪಿ. ಟೆಲಿಪ್ರಿಂಟರಿನಲ್ಲಿ ಒಂದು ಅಕ್ಷರವೆಂದರೆ ಐದು ತೂತಿನ ಟೇಪಿನ ಒಂದು ಸಾಲು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಈ ಯಂತ್ರದ ಹತ್ತು ಚಕ್ರಗಳು ಆ ಐದು ಗುರುತುಗಳ ಮೇಲೆ ಎರಡು ಬಗೆಯ ಆಟ ಆಡುತ್ತಿದ್ದವು: ತೂತಿದ್ದಲ್ಲಿ ತೂತಿಲ್ಲದಂತೆ, ಇಲ್ಲದಲ್ಲಿ ಇರುವಂತೆ ತಿರುಗಿಸುವುದು ಒಂದು, ಆಮೇಲೆ ಐದರ ಸ್ಥಾನಗಳನ್ನು ಅದಲುಬದಲು ಮಾಡುವುದು ಇನ್ನೊಂದು. ಕಾಗದದ ಮೇಲೆ ಇದು ಅಭೇದ್ಯ. ಆದರೆ ಲೈನಿನಲ್ಲಿ ಗದ್ದಲವಾಗಿ ಸಂದೇಶ ಕೆಟ್ಟಾಗ ಆಪರೇಟರ್ ಏನು ಮಾಡುತ್ತಾನೆಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಸರದಿಂದ ಚಕ್ರಗಳನ್ನು ಅದೇ ಆರಂಭದ ಸ್ಥಾನಕ್ಕೆ ತಂದು ಮತ್ತೆ ಕಳಿಸುತ್ತಾನೆ. ಹೀಗೆ ಒಂದೇ ಕೀಲಿಯಲ್ಲಿ ಬೀಗ ಹಾಕಿದ ಸಂದೇಶಗಳು ಒಂದರ ಕೆಳಗೊಂದು ಸಾಲಾಗಿ ಸಿಕ್ಕವು. ಉಪ್ಸಾಲಾದ ಗಣಿತಜ್ಞ ಆರ್ನೆ ಬ್ಯೂರ್ಲಿಂಗ್ ಹಿಡಿದದ್ದು ಈ ಸಾಲುಗಳನ್ನು. ಯಂತ್ರವನ್ನು ಅವರು ಕಣ್ಣಾರೆ ಕಂಡಿರಲೇ ಇಲ್ಲ. ಎರಡು ವಾರ ಎಂಬುದು ಉತ್ಪ್ರೇಕ್ಷೆಯಲ್ಲ. ಹೇಗೆ ಮಾಡಿದಿರಿ ಎಂದು ಕೇಳಿದವರಿಗೆ ಮಾತ್ರ ಅವರು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಆ ಬಳಿಕ ಸ್ಟಾಕ್‌ಹೋಮಿನ ಕಾರ್ಲಾಪ್ಲಾನ್ ಚೌಕದ ಕಟ್ಟಡವೊಂದರಲ್ಲಿ ಕುಳಿತ ತಂಡ ಜರ್ಮನ್ ಸಂದೇಶಗಳನ್ನು ಲಕ್ಷಗಟ್ಟಲೆ ಓದಿತು. 1942ರಲ್ಲಿ ಈ ಕೆಲಸಕ್ಕಾಗಿಯೇ ಎಫ್‌ಆರ್‌ಎ ಎಂಬ ಸರ್ಕಾರಿ ಬೇಹುಗಾರಿಕಾ ಸಂಸ್ಥೆ ಹುಟ್ಟಿತು.

ಅದೇ ವರ್ಷ ಈ ಗುಟ್ಟು ಜರ್ಮನ್ನರ ಕಿವಿಗೆ ಬಿತ್ತು, ಬಿದ್ದದ್ದು ಫಿನ್ಲೆಂಡಿನ ಕಡೆಯಿಂದ. ಆಗ ಫಿನ್ಲೆಂಡ್ ಜರ್ಮನಿಯೊಡನೆ ಸೇರಿ ಸೋವಿಯತ್ ಒಕ್ಕೂಟದ ಮೇಲೆ ಯುದ್ಧಕ್ಕೆ ನಿಂತಿತ್ತು. 1939-40ರಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ ನಡೆದ ಚಳಿಗಾಲದ ಯುದ್ಧದಲ್ಲಿ ಸಾವಿರಾರು ಸ್ವೀಡಿಷ್ ಸ್ವಯಂಸೇವಕರನ್ನು ಪಡೆದ ದೇಶವೇ ಸುಮಾರು ಎರಡು ವರ್ಷಗಳ ಬಳಿಕ ಆ ನೆರೆಯವನ ಅತ್ಯಮೂಲ್ಯ ಗುಟ್ಟನ್ನು ತನ್ನ ಯುದ್ಧದ ಜೊತೆಗಾರನಿಗೆ ದಾಟಿಸಿತು. ಜರ್ಮನ್ನರು ಯಂತ್ರಗಳನ್ನು ಬಿಗಿಗೊಳಿಸಿದರು, ಸಂದೇಶಗಳ ದಾರಿ ಬದಲಿಸಿದರು, ಸ್ವೀಡನ್ನಿನ ಬಾವಿ ಮೆಲ್ಲಗೆ ಬತ್ತಿತು. ‘ಸೋದರ ರಾಷ್ಟ್ರ’ ಎಂಬ ನಮ್ಮ ಮಾತಿಗೆ ನೀವು ಆಕ್ಷೇಪಿಸಿದ್ದು ಸರಿ. ಲೇಖನದಲ್ಲಿ ಈ ಪ್ರಸಂಗ ಬಿಟ್ಟುಹೋದದ್ದು ನಮ್ಮ ತಪ್ಪು.

ಇನ್ನು ಪೆಟ್ಟಿಗೆಗಳ ವಿಚಾರ. ಫಿನ್ಲೆಂಡಿನ ರೇಡಿಯೊ ಬೇಹುಗಾರಿಕೆಯನ್ನು 1927ರಲ್ಲಿ ಕಟ್ಟಿದವರು ರೈನೊ ಹಲ್ಲಮಾ. ಸೋವಿಯತ್ ಸೇನೆಯ ಸಂಕೇತಗಳನ್ನು ಬಿಡಿಸುವುದರಲ್ಲಿ ಅವರ ತಂಡಕ್ಕೆ ಯುರೋಪಿನಲ್ಲಿ ಸರಿಸಾಟಿಯಾದವರು ಕಡಿಮೆ. ಅಮೆರಿಕದ ರಾಜತಾಂತ್ರಿಕ ಸಂದೇಶಗಳನ್ನೂ ಅವರು ಓದುತ್ತಿದ್ದರು. 1944ರ ಸೆಪ್ಟೆಂಬರ್ 19ರಂದು ಮಾಸ್ಕೋದಲ್ಲಿ ಸೋವಿಯತ್ ಒಕ್ಕೂಟದೊಡನೆ ಕದನವಿರಾಮಕ್ಕೆ ಸಹಿ ಬಿದ್ದಾಗ, ಅದರ ಕೆಂಪು ಸೇನೆ ಹೆಲ್ಸಿಂಕಿಗೇ ಬಂದು ಕೂರುತ್ತದೆಂಬ ಭಯ ಎಲ್ಲರಲ್ಲೂ ಇತ್ತು. ಹಲ್ಲಮಾ ಮತ್ತು ಸೇನಾ ಗುಪ್ತಚರ ಮುಖ್ಯಸ್ಥ ಅಲಾದಾರ್ ಪಾಸೊನೆನ್ ಸ್ವೀಡನ್ನಿನ ರಹಸ್ಯ ಸಂಸ್ಥೆ ಸಿ-ಬ್ಯೂರೋದ ಕಾರ್ಲ್ ಪೆಟರ್ಸೇನ್ ಜೊತೆ ಮೊದಲೇ ಮಾತಾಡಿಕೊಂಡಿದ್ದರು. ಸೆಪ್ಟೆಂಬರಿನ ಕೊನೆಯ ಹೊತ್ತಿಗೆ ಸಣ್ಣ ಹಡಗುಗಳು ಎರಡು ದೇಶಗಳ ನಡುವಣ ಬೋತ್ನಿಯಾ ಕೊಲ್ಲಿ ದಾಟಿ ಸ್ವೀಡನ್ನಿನ ಹರ್ನೊಸಾಂಡ್ ಮತ್ತು ಯೆವ್ಲೆ ಬಂದರುಗಳನ್ನು ಮುಟ್ಟಿದವು. ಹೆಂಡತಿ ಮಕ್ಕಳೂ ಸೇರಿ ಸುಮಾರು 750 ಜನ, ಕಾಗದಪತ್ರಗಳ ನೂರಾರು ಪೆಟ್ಟಿಗೆಗಳು, ರೇಡಿಯೊ ಉಪಕರಣಗಳು. ಕಾರ್ಯಾಚರಣೆಯ ಹೆಸರು ‘ಸ್ಟೆಲ್ಲಾ ಪೊಲಾರಿಸ್’, ಧ್ರುವ ನಕ್ಷತ್ರ.

ಸ್ವೀಡನ್ ಯಾಕೆ ಒಪ್ಪಿತು? ಫಿನ್ಲೆಂಡ್ ಬಿದ್ದರೆ ಸೋವಿಯತ್ ಗಡಿ ಸ್ವೀಡನ್ ಅಂಚಿನ ಟೋರ್ನೆ ನದಿಯ ದಡಕ್ಕೇ ಬರುತ್ತಿತ್ತು. ಆ ದಿನ ಬಂದರೆ ಸೋವಿಯತ್ ಸಂಕೇತಗಳನ್ನು ಓದಬಲ್ಲ ಕೈಗಳು ಬೇಕಾಗಿದ್ದವು, ಅವು ಮನೆ ಬಾಗಿಲಿಗೇ ಬಂದವು. ಒಂದಷ್ಟು ಜನ ನುರಿತ ಫಿನ್ನರು ಎಫ್‌ಆರ್‌ಎಯಲ್ಲಿ ಕೆಲಸಕ್ಕೆ ಸೇರಿದರು, ಸಂಕೇತ ಪುಸ್ತಕಗಳನ್ನು ಹಣ ಕೊಟ್ಟು ಕೊಂಡುಕೊಳ್ಳಲಾಯಿತು. ಹಾಗಾಗಿ ವ್ಯಾಪಾರ ಎಂಬ ನಿಮ್ಮ ಮಾತಿಗೆ ಆಧಾರವಿದೆ. ಅಷ್ಟಕ್ಕೇ ನಿಲ್ಲಲೂ ಇಲ್ಲ. ಅದೇ ಸರಕಿನ ಪ್ರತಿಗಳು ಸ್ಟಾಕ್‌ಹೋಮಿನಲ್ಲಿ ಅಮೆರಿಕನ್ನರಿಗೂ ಜಪಾನೀಯರಿಗೂ ಮಾರಾಟವಾದವು. ಒಂದೇ ಜಮೀನಿಗೆ ಮೂರು ಜನರಿಂದ ಮುಂಗಡ ಪಡೆಯುವುದನ್ನು ನಮ್ಮೂರಿನಲ್ಲಿ ಯಾವ ಹೆಸರಿನಿಂದ ಕರೆಯುತ್ತೇವೋ ಇದನ್ನೂ ಹಾಗೆಯೇ ಕರೆಯಬೇಕಾಗುತ್ತದೆ. ಆದರೂ ನಾನು ಪೂರ್ತಿ ನಿಮ್ಮ ಕಡೆಗೆ ವಾಲಲಾರೆ. ದೇಶ ಉಳಿಯುವುದೋ ಇಲ್ಲವೋ ತಿಳಿಯದ ಆ ವಾರಗಳಲ್ಲಿ, ಸೋವಿಯತ್ ಕೈಗೆ ಸಿಕ್ಕರೆ ಜೈಲೋ ಗುಂಡೋ ಎಂದು ಬಲ್ಲ ನೂರಾರು ಜನರಿಗೆ ಆ ದಡ ನಿಜವಾಗಿಯೂ ಆಸರೆಯೇ ಆಗಿತ್ತು. ಸರಕಿನ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ನಮ್ಮ ಲೇಖನವೂ ನಿಮ್ಮ ಪತ್ರವೂ ಎರಡನ್ನೂ ಒಂದೇ ಖಾತೆಗೆ ಬರೆದಿವೆ.

ಭಯಪಟ್ಟಂತೆ ಏನೂ ಆಗಲಿಲ್ಲ ಎಂಬುದು ಈ ಕಥೆಯ ವಿಚಿತ್ರ. ಕದನವಿರಾಮದ ಮೇಲ್ವಿಚಾರಣೆಗೆ ಬಂದ, ಸೋವಿಯತ್ ನಾಯಕ ಝ್ದಾನೊವ್ ನೇತೃತ್ವದ ನಿಯಂತ್ರಣ ಆಯೋಗ ಹೆಲ್ಸಿಂಕಿಯ ಟೋರ್ನಿ ಹೋಟೆಲಿನಲ್ಲಿ ಬೀಡುಬಿಟ್ಟಿತೇ ಹೊರತು ದೇಶ ಸೋವಿಯತ್ ವಶವಾಗಲಿಲ್ಲ. ಹಡಗಿನಲ್ಲಿ ಹೋದವರಲ್ಲಿ ಹೆಚ್ಚಿನವರು ಬೇಗನೆ ಮರಳಿದರು. ಹಲ್ಲಮಾ ಮರಳಲಿಲ್ಲ, ಬದಲಿ ಹೆಸರಿನಲ್ಲಿ ಸ್ಪೇನಿನಲ್ಲಿ ಬಾಳಿ 1979ರಲ್ಲಿ ತೀರಿಕೊಂಡರು. ಪಾಸೊನೆನ್ ಕೊನೆಗೆ ಅಮೆರಿಕ ಸೇರಿದರು. ಪೆಟ್ಟಿಗೆಗಳಲ್ಲಿ ಬಹುಪಾಲನ್ನು ಸ್ವೀಡನ್ನಿನಲ್ಲೇ ಸುಟ್ಟುಹಾಕಲಾಯಿತು.

ನ್ಯಾಟೊ ಕುರಿತ ಪ್ರಶ್ನೆಗೆ ಹೆಚ್ಚು ಹೇಳುವುದಿಲ್ಲ. ಫಿನ್ಲೆಂಡ್ 2023ರ ಏಪ್ರಿಲ್‌ನಲ್ಲಿ, ಸ್ವೀಡನ್ 2024ರ ಮಾರ್ಚ್‌ನಲ್ಲಿ ಸೇರಿದವು. ಆದರೆ ತಂತಿಯ ಮಾತು ಅದಕ್ಕೂ ಮೊದಲಿನದು. ಗಡಿ ದಾಟುವ ಕೇಬಲ್ಲುಗಳ ಮೇಲೆ ಕಿವಿಯಿಡಲು ಎಫ್‌ಆರ್‌ಎಗೆ ಅಧಿಕಾರ ಕೊಡುವ ಕಾಯಿದೆಗೆ 2008ರಲ್ಲಿ ಸ್ವೀಡನ್ನಿನ ಸಂಸತ್ತು ಒಪ್ಪಿಗೆ ಕೊಟ್ಟಿತು. ಫಿನ್ಲೆಂಡಿನಿಂದ ಹೊರಜಗತ್ತಿಗೆ ಹೋಗುವ ಇಂಟರ್‌ನೆಟ್ ಸಂಚಾರದ ದೊಡ್ಡ ಪಾಲು ಆಗ ಸ್ವೀಡನ್ನಿನ ಮೂಲಕವೇ ಹಾದುಹೋಗುತ್ತಿತ್ತು. ತಂತಿ ಹಾದುಹೋಗುವ ನೆಲದ ಒಡೆಯ ಅದನ್ನು ಕೇಳಬಲ್ಲ ಎಂಬ, 1940ರಲ್ಲಿ ಜರ್ಮನ್ನರಿಗೆ ತಿಳಿಯದೇ ಹೋದ ಪಾಠ ಫಿನ್ನರಿಗೆ ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ: 2016ರಲ್ಲಿ ಹೆಲ್ಸಿಂಕಿಯಿಂದ ಜರ್ಮನಿಯ ರೊಸ್ಟೊಕ್‌ಗೆ, ಬಾಲ್ಟಿಕ್ ಸಮುದ್ರದ ತಳದಲ್ಲಿ, ಸ್ವೀಡನ್ನಿನ ನೆಲ ಮುಟ್ಟದಂತೆ ಸಿ-ಲಯನ್-1 ಎಂಬ ಸುಮಾರು 1,170 ಕಿಲೋಮೀಟರ್ ಉದ್ದದ ಕೇಬಲ್ ಎಳೆಯಲಾಯಿತು. 2024ರ ನವೆಂಬರಿನಲ್ಲಿ ಆ ಕೇಬಲ್ ತುಂಡಾಯಿತು. ತುಂಡಾದ ಜಾಗ ಸಮುದ್ರದಲ್ಲಿ ಸ್ವೀಡನ್ನಿನ ಆರ್ಥಿಕ ವಲಯದೊಳಗೆ ಬಿದ್ದುದರಿಂದ ಫಿನ್ನಿಷ್ ತನಿಖಾಧಿಕಾರಿಗಳು ಸ್ವೀಡಿಷರೊಡನೆ ಕೂಡಿಯೇ ತನಿಖೆಗೆ ಇಳಿಯಬೇಕಾಯಿತು.

— ಸಂಪಾದಕ