‘ಹೊರು’ ಮತ್ತು ‘ಬೇರ್’: ನಂಟೋ, ಬರೀ ಸದ್ದೋ?

‘ಹೊರು, ಹೆರು ಎರಡೂ ಇಂಗ್ಲಿಷಿನ “ಬೇರ್” ಒಂದರಲ್ಲೇ ಅಡಗಿವೆ. ಇಂಗ್ಲಿಷರು ಇದನ್ನು ನಮ್ಮಿಂದ ಒಯ್ದರೆಂದು ಬರೆಯಲು ಸಂಪಾದಕರಿಗೆ ಅಂಜಿಕೆಯೇಕೆ?’
— ಓದುಗರೊಬ್ಬರು, ದಾವಣಗೆರೆ

ಅಂಜಿಕೆಯಲ್ಲ ಸ್ವಾಮಿ. ನಿಮ್ಮ ಕಿವಿ ಚುರುಕಾಗಿದೆ, ಒಪ್ಪಿದೆ. ಆದರೆ ಕಿವಿಯನ್ನೇ ನಂಬುವುದಾದರೆ ಇಂಗ್ಲಿಷಿನ ಕರಡಿಯೂ ‘ಬೇರ್’ ತಾನೆ? ಒಂದೇ ಭಾಷೆಯ, ಒಂದೇ ಉಚ್ಚಾರದ ಆ ಎರಡು ಪದಗಳಿಗೇ ನಂಟಿಲ್ಲ!

ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಶ್‌ಗಳ ತಾಯಿಯಾದ ಮೂಲ ಜರ್ಮಾನಿಕ್‌ನ ಪುಸ್ತಕ ಒಂದೂ ಉಳಿದಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಚಿತ್ರ ಬಿಡಿಸಿದ ಹಾಗೆ ವಿದ್ವಾಂಸರು ಅದರ ‘ಬೆರನ’ ಎಂಬ ಕ್ರಿಯಾಪದವನ್ನು ಕಟ್ಟಿಕೊಂಡರು. ಮುಂದೊಂದು ನಕ್ಷತ್ರದ ಗುರುತು ಹಾಕುತ್ತಾರೆ; ಇದು ತರ್ಕಿಸಿದ್ದು, ಕಂಡದ್ದಲ್ಲ ಎಂದರ್ಥ. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಹಳೆಯ ಇಂಗ್ಲಿಷಿನಲ್ಲಿ ಅದು ‘ಬೆರನ್’, ಸ್ವೀಡಿಶ್‌ನ ಪೂರ್ವಜನಾದ ಹಳೆಯ ನಾರ್ಸ್‌ನಲ್ಲಿ ‘ಬೆರ’. ಜರ್ಮನ್ನರು ಹೆರುವುದಕ್ಕೆ ಇಂದಿಗೂ ‘ಗೆಬೇರನ್’ ಎನ್ನುತ್ತಾರೆ. ಬರ್ತ್, ಬರ್ಡನ್ ಅದೇ ಮನೆಯವು. ಹೆಣ ಹೊರುವ ಚಟ್ಟ ‘ಬಿಯರ್’ ಕೂಡ (ಕುಡಿಯುವುದಲ್ಲ).

ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ‘ಭರತಿ’, ಗ್ರೀಕ್ ಮತ್ತು ಲ್ಯಾಟಿನ್‌ಗಳ ‘ಫೆರೊ’ ಸಿಗುತ್ತವೆ. ಕಿನ್ನರಿ ಕಥೆಗಳನ್ನು ಕೂಡಿಹಾಕಿದ ಸೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ 1822ರಲ್ಲಿ ಈ ಧ್ವನಿ ಬದಲಾವಣೆಗಳಿಗೆ ನಿಯಮ ಹೇಳಿದ. ಸಂಸ್ಕೃತದಲ್ಲಿ ‘ಭ’ ಇದ್ದಲ್ಲಿ ಜರ್ಮಾನಿಕ್‌ಗೆ ‘ಬ’: ಭ್ರಾತೃ, ಬ್ರದರ್. ‘ಪ’ ಇದ್ದಲ್ಲಿ ‘ಫ’: ಪಿತೃ, ಫಾದರ್, ಪಾದ, ಫುಟ್. ಈಗ ನಿಮ್ಮ ಪದಗಳಿಗೆ ಬನ್ನಿ. ಹಳಗನ್ನಡದಲ್ಲಿ ಹೊರು ‘ಪೊಱು’, ಹೆರು ‘ಪೆಱು’. ಎರಡೂ ಪಕಾರದವು, ‘ಪೆಱು’ಗೆ ಪಡೆ ಎಂಬ ಅರ್ಥವೂ ಇತ್ತು. ‘ಬೇರ್’ಗೆ ಇವು ನಂಟರಾಗಿದ್ದರೆ ಅಲ್ಲಿ ‘ಫ’ ಕೇಳಿಸಬೇಕಿತ್ತು.

‘ಬೇರ್’ನ ನಿಜವಾದ ದಾಯಾದಿ ನಿಮ್ಮ ಬಾಯಲ್ಲೇ ಇದೆ. ಮಗಳ ಮದುವೆಯ ಖರ್ಚು ‘ಭರಿಸಿದೆ’ ಎನ್ನುತ್ತೀರಲ್ಲ, ಅದು. ಭಾರವೂ ಹಾಗೆಯೇ, ಭಾರ್ಯೆಯೂ ಹಾಗೆಯೇ. ಎಲ್ಲ ಸಂಸ್ಕೃತದ ಮೂಲಕ ಬಂದವು.

ಜಗತ್ತಿನ ಭಾಷೆಗಳೆಲ್ಲ ಕನ್ನಡದಿಂದ ಹುಟ್ಟಿದವೆಂದು ಸಾಧಿಸುವ ಪತ್ರಗಳು ಈ ಕಚೇರಿಗೆ ಬರುತ್ತಲೇ ಇರುತ್ತವೆ. ಪಾಲು ಹಾಲಾದದ್ದು, ಪೂ ಹೂವಾದದ್ದು ಹೇಗೆಂದು ಕೇಳಿ ಒಬ್ಬರೂ ಬರೆಯುವುದಿಲ್ಲ. ‘ಗೆಬೇರನ್’ ಎನ್ನುವ ನಾಡಿನಿಂದ ಬಂದ ಕಿಟೆಲ್ 1894ರಲ್ಲಿ ನಮಗೆ ನಿಘಂಟು ಕೊಟ್ಟರು. ಅವರ ಪ್ರತಿಮೆಗೆ ಹಾರ ಹಾಕಲು ಜನ ಸೇರುತ್ತಾರೆ. ನಿಘಂಟಿನ ಪುಟ ತಿರುವಬೇಕೆಂದರೆ ಮಾತ್ರ ವಾಟ್ಸ್‌ಆ್ಯಪ್ ಬಿಡುವು ಕೊಡುವುದಿಲ್ಲ!

ನಿಮ್ಮ ಚುರುಕು ಕಿವಿಗೆ ಬೇರೆ ಕೆಲಸವಿದೆ. ಹೊರೆ, ಸಿಂಬಿ, ಹೇರು ಇಂಥ ಮಾತುಗಳು ನಿಮ್ಮ ಸೀಮೆಯಲ್ಲಿ ಇನ್ನೇನೇನು ಉಳಿದಿವೆ, ಬರೆದು ಕಳಿಸಿ. ಜಾಗ ಕೊಡುತ್ತೇವೆ.

— ಸಂ.