ರೇಕಿ ಕೊಡುವಾಗ ಕೈ ಜುಮ್ಮೆನ್ನುವುದು

ಅಕ್ಕಾ, ರೇಕಿ (ಮೈಮೇಲೆ ಕೈಯಿಟ್ಟು ಶಕ್ತಿ ಹರಿಸುತ್ತೇವೆ ಅನ್ನುವ ಜಪಾನಿನ ಚಿಕಿತ್ಸೆ) ಕೊಡುವಾಗ ಅಂಗೈ ಬಿಸಿಯಾಗಿ ಜುಮ್ಮೆನ್ನುತ್ತೆ, ತಪ್ಪಾಗ್ತಿದೆಯಾ ಅಂತ ಕೇಳಿದ್ದೀರಿ. ತಪ್ಪೇನಿಲ್ಲ. ಧಾರವಾಡದ ಮನೆಯಲ್ಲಿ ಮೊದಲ ಸಲ ಅವ್ವನ ಮೊಣಕಾಲ ಮೇಲೆ ಕೈಯಿಟ್ಟಾಗ ನನಗೂ ಹೀಗೇ ಆಗಿತ್ತು. ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ, ಆಮೇಲೆ ಅಂಗೈ ನಡುವೆ ನಾಡಿ ಬಡಿದ ಹಾಗೆ. ಆರಾಮಾಗಿ ಕೂತು ಗಮನವೆಲ್ಲ ಕೈಮೇಲಿಟ್ಟರೆ ರಕ್ತನಾಳ ಹಿಗ್ಗಿ ಕೈ ಬೆಚ್ಚಗಾಗುತ್ತದೆ.

ಆದರೆ ಕೈ ಜುಮ್ಮೆನ್ನುವುದನ್ನು ನಂಬಿ ಯಾರಿಗೂ ಇಂಥ ರೋಗ ಇದೆ ಅಂತ ಹೇಳಬೇಡಿ. 1998ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ಇಂಥದ್ದೇ ಚಿಕಿತ್ಸೆ ಮಾಡುವ 21 ಮಂದಿ ಪರದೆಯಾಚೆ ಚಾಚಿದ ತಮ್ಮ ಎರಡು ಕೈಗಳಲ್ಲಿ ಯಾವುದರ ಹತ್ತಿರ ಇನ್ನೊಬ್ಬರ ಕೈ ಇದೆ ಅಂತ ಹೇಳಬೇಕಿತ್ತು. ಸರಿಯಾಗಿದ್ದು ನೂರಕ್ಕೆ 44. ಸುಮ್ನೆ ಊಹಿಸಿದರೂ 50 ಬರುತ್ತೆ, ಅಲ್ವಾ?

ರಾತ್ರಿ ನಿದ್ದೆಯಲ್ಲೂ ಕೈ ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ. ಮಣಿಕಟ್ಟಿನ ನರ ಒತ್ತಿರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು.