ಕಾಲು ನಿಂತಾಗ ಉಳಿಯುವ ನೃತ್ಯ: ಒಂದು ಆಪ್ತಸಲಹೆ ಪ್ರಕರಣ

ವೈಷ್ಣವಿ (ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದ್ದೇನೆ) ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಒಳ್ಳೆಯ ಅಂಕಗಳೊಂದಿಗೆ ತೇರ್ಗಡೆಯಾದ ಹದಿನೆಂಟರ ಹುಡುಗಿ. ಏಳನೆಯ ವಯಸ್ಸಿನಿಂದ ಭರತನಾಟ್ಯ ಕಲಿತು, ಸೀನಿಯರ್ ಪರೀಕ್ಷೆ ಮುಗಿಸಿ, ಅದರ ಮೇಲಿನ ಹಂತವಾದ ವಿದ್ವತ್ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. ಬಿ.ಪಿ.ಎ. (ಪ್ರದರ್ಶಕ ಕಲೆಗಳ ಪದವಿ) ಸೇರಿ ನೃತ್ಯವನ್ನೇ ಪ್ರಧಾನವಾಗಿ ಓದಬೇಕೆಂಬುದು ಅವಳ ಹಟ. ಬಿ.ಕಾಂ. ಓದಲಿ, ನೃತ್ಯ ಸಂಜೆಗಿರಲಿ ಎಂಬುದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ತಂದೆಯ ನಿಲುವು. ಮೂರು ವಾರಗಳಿಂದ ತಂದೆ ಮಗಳ ನಡುವೆ ಮಾತು ನಿಂತಿತ್ತು; ಊಟಕ್ಕೆ ಕರೆಯುವುದೂ ತಾಯಿಯ ಮೂಲಕವೇ ನಡೆಯುತ್ತಿತ್ತು.

“ಮೇಡಂ, ಕುಣೀಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಹನ್ನೊಂದು ವರ್ಷ ನಾನೇ ಸ್ಕೂಟರಲ್ಲಿ ಕ್ಲಾಸಿಗೆ ಬಿಟ್ಟು ಕರ್ಕೊಂಡು ಬಂದಿದ್ದೀನಿ. ಆದ್ರೆ ಡಿಗ್ರಿ ಅಂದ್ಮೇಲೆ ಅನ್ನ ಹುಟ್ಟಬೇಕಲ್ವಾ?” ಎಂದು ತಂದೆ ಕೇಳಿದರು. ಆ ಆತಂಕವನ್ನು ನಾನು ಹಗುರವಾಗಿ ಕಾಣಲಿಲ್ಲ. ನೃತ್ಯ ಓದಿದವರಿಗಿರುವ ದಾರಿಯನ್ನು ವಿವರಿಸಿದೆ. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಆರಂಭವಾಗಿ, ಮೈಸೂರು ಅರಮನೆಯ ಪರಂಪರೆಯ ನೃತ್ಯ ಕಲಾವಿದೆ ಕೆ. ವೆಂಕಟಲಕ್ಷಮ್ಮನವರು ಅಲ್ಲಿ ರೀಡರ್ ಎಂಬ ಬೋಧಕ ಹುದ್ದೆಗೆ ಬಂದರು. ಇಂದು ಅದೇ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೇ ಇದೆ. ಇದೇ ಕಲೆಗಳ ಸ್ನಾತಕೋತ್ತರ ಪದವಿಯಾದ ಎಂ.ಪಿ.ಎ. ಮುಗಿಸಿ, ಯುಜಿಸಿ ನೆಟ್ ಪರೀಕ್ಷೆಯನ್ನು ಪ್ರದರ್ಶಕ ಕಲೆಗಳ ವಿಷಯದಲ್ಲಿ ಬರೆದು ತೇರ್ಗಡೆಯಾದವರಿಗೆ ಅಧ್ಯಾಪಕ ಹುದ್ದೆಯ ಅರ್ಹತೆಯೂ ಬರುತ್ತದೆ. ಆದರೆ ಅಂಥ ಹುದ್ದೆಗಳು ಕಡಿಮೆ, ನಾನು ಕಂಡ ಪದವೀಧರರಲ್ಲಿ ಹೆಚ್ಚಿನವರು ಖಾಸಗಿ ಶಾಲೆಯ ಕೆಲಸವನ್ನೂ ಮನೆಯ ತರಗತಿಯನ್ನೂ ಒಟ್ಟಿಗೆ ನಡೆಸುತ್ತಾರೆ ಎಂಬುದನ್ನೂ ಇಬ್ಬರಿಗೂ ಮುಚ್ಚಿಡದೆ ಹೇಳಿದೆ.

ಹೊರಡಲು ಎದ್ದಾಗ ವೈಷ್ಣವಿ ಎಡ ಮೊಣಕಾಲಿಗೆ ಅಂಗೈ ಒತ್ತಿ, ಮೇಜು ಹಿಡಿದು ಎದ್ದಳು. ಎರಡನೆಯ ಭೇಟಿಯಲ್ಲಿ ಅವಳೊಬ್ಬಳನ್ನೇ ಕೂರಿಸಿಕೊಂಡು ಅದನ್ನು ಕೇಳಿದಾಗ, ನಾಲ್ಕು ತಿಂಗಳಿಂದ ನೋವಿದೆಯೆಂದೂ, ಗುರುಗಳಿಗೆ ಹೇಳಿದರೆ ವರ್ಣದ (ಭರತನಾಟ್ಯದ ದೀರ್ಘ, ಮುಖ್ಯ ನೃತ್ಯಬಂಧ) ಪಾಠ ನಿಲ್ಲಿಸುತ್ತಾರೆ, ಅಪ್ಪನಿಗೆ ಹೇಳಿದರೆ ಬಿ.ಪಿ.ಎ. ಮಾತೇ ಮುಗಿಯುತ್ತದೆ ಎಂದೂ ಹೇಳಿ ಅತ್ತಳು. ನನ್ನ ಪಾಲಿಗೆ ಈ ಪ್ರಕರಣದ ಗಂಟು ಇದ್ದದ್ದು ಇಲ್ಲಿ. ಕೋರ್ಸಿನ ಮಾತನ್ನು ಬದಿಗಿಟ್ಟು, ಮೊದಲು ಮೂಳೆ ವೈದ್ಯರನ್ನು ಕಾಣಬೇಕು, ನೋವಿನ ವಿಷಯವನ್ನು ಅವಳೇ ಮನೆಯಲ್ಲಿ ತಿಳಿಸಬೇಕು ಎಂದು ಸಲಹೆ ನೀಡಿದೆ. ಮೊಣಕಾಲುಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕೂರುವ ಅರೆಮಂಡಿಯಲ್ಲಿ ತೊಡೆ ಸೊಂಟದ ಕೀಲಿನಿಂದಲೇ ಹೊರಳಬೇಕು. ಅವಳು ಪಾದವನ್ನು ಮಾತ್ರ ಹೊರಕ್ಕೆ ತಿರುಗಿಸಿ ಕೂರುತ್ತಿದ್ದುದರಿಂದ ತಿರುಚಿನ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತಿತ್ತು. ಎಂಟು ವಾರ ಕಾಲು ತಟ್ಟಬಾರದೆಂದು ವೈದ್ಯರು ಹೇಳಿದರು.

ಆ ಎಂಟು ವಾರಗಳನ್ನೇ ಪರೀಕ್ಷೆಯ ಅವಧಿಯಾಗಿ ಬಳಸಿಕೊಳ್ಳಲು ಸೂಚಿಸಿದೆ. ನೃತ್ಯ ಪದವಿಯೆಂದರೆ ದಿನವಿಡೀ ಕುಣಿಯುವುದೆಂದು ಎಷ್ಟೋ ಮಕ್ಕಳು ಭಾವಿಸಿರುತ್ತಾರೆ; ಆದರೆ ಅಲ್ಲಿ ನಾಟ್ಯಶಾಸ್ತ್ರ, ಅಭಿನಯದರ್ಪಣದಂಥ ಹಳೆಯ ಗ್ರಂಥಗಳು, ನೃತ್ಯದ ಇತಿಹಾಸ, ತಾಳದ ಲೆಕ್ಕಾಚಾರಗಳ ಓದು ಮತ್ತು ಬರಹಕ್ಕೂ ದೊಡ್ಡ ಪಾಲಿರುತ್ತದೆ. ಕಾಲು ನಿಂತಿರುವಾಗಲೂ ಈ ಓದು ಅವಳನ್ನು ಹಿಡಿದಿಡುತ್ತದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಶ್ಲೋಕಗಳನ್ನು ಅರ್ಥಸಹಿತ ಓದುವುದು, ಗುರುಗಳ ಪಕ್ಕದಲ್ಲಿ ಕುಳಿತು ನಟ್ಟುವಾಂಗ (ತಾಳ ಹಾಕಿ ನೃತ್ಯವನ್ನು ನಡೆಸುವುದು) ಕಲಿಯುವುದು, ಬಿ.ಪಿ.ಎ. ಓದುತ್ತಿರುವ ಒಬ್ಬರೊಡನೆ ಒಂದು ದಿನ ಕಳೆಯುವುದು, ಪ್ರತಿರಾತ್ರಿ ನೋಟ್‌ಬುಕ್ಕಿನಲ್ಲಿ ಅನಿಸಿದ್ದನ್ನು ಬರೆಯುವುದು — ಇಷ್ಟನ್ನು ಒಪ್ಪಿಕೊಂಡಳು.

ನೋಟ್‌ಬುಕ್ಕನ್ನು ಮೂರನೆಯ ಭೇಟಿಯಲ್ಲಿ ಅವಳೇ ನನ್ನ ಮುಂದಿಟ್ಟಳು. ಶಾಸ್ತ್ರದ ದಿನಗಳಲ್ಲಿ “ಓದಿದೆ” ಎಂಬ ಒಂದೇ ಮಾತು; ಕಿರಿಯರ ತಾಲೀಮನ್ನು ನೋಡುತ್ತ ಕುಳಿತ ದಿನಗಳಲ್ಲಿ ಮಾತ್ರ, ಯಾರ ಕೈ ಭುಜಕ್ಕಿಂತ ಕೆಳಗಿಳಿಯಿತು, ಯಾರ ಕಣ್ಣು ಹಸ್ತವನ್ನು ಹಿಂಬಾಲಿಸಲಿಲ್ಲ ಎಂಬುದರವರೆಗೆ ಎರಡೆರಡು ಪುಟ. “ನನಗೆ ಕುಣಿಯೋದು ಬೇಕು ಮೇಡಂ. ಮೂರು ವರ್ಷ ಅದನ್ನೇ ಬರೀತಾ ಕೂರೋಕೆ ಆಗಲ್ಲ ಅನ್ಸತ್ತೆ,” ಎಂದಳು. ವಿದ್ವತ್ ಪರೀಕ್ಷೆಗೂ ಶಾಸ್ತ್ರ ಬರೆಯಲೇಬೇಕೆಂದು ನೆನಪಿಸಿದೆ. ಗುರುಗಳ ಬಳಿ ನಿಧಾನವಾಗಿ ಕಲಿಯುವುದಾದರೆ ಅದು ಭಾರವಲ್ಲವೆಂದಳು.

ಅವಳು ಬಿ.ಕಾಂ. ಆರಿಸಿಕೊಂಡಳು. ಇದನ್ನು ತಮ್ಮ ಗೆಲುವೆಂದು ಎಣಿಸಬಾರದೆಂದು ತಂದೆಗೆ ಸ್ಪಷ್ಟವಾಗಿಯೇ ಹೇಳಿದೆ. ಸಂಜೆಯ ಎರಡು ಗಂಟೆ ನೃತ್ಯಕ್ಕೇ ಮೀಸಲು, ಪದವಿ ಮುಗಿಯುವವರೆಗೆ ಸಿ.ಎ. ಕೋಚಿಂಗಿನ ಮಾತೆತ್ತುವಂತಿಲ್ಲ ಎಂಬ ಎರಡು ಷರತ್ತುಗಳನ್ನು ಅವರು ತಮ್ಮ ಕೈಯಲ್ಲೇ ಬರೆದುಕೊಟ್ಟರು. ಗುರುಮುಖೇನ ಕಲಿಯುವ 18ರಿಂದ 25 ವರ್ಷದ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯ ಎರಡು ವರ್ಷ, ತಿಂಗಳಿಗೆ 5,000 ರೂಪಾಯಿಯಂತೆ ನೀಡುವ ಶಿಷ್ಯವೇತನದ ಬಗ್ಗೆಯೂ ತಿಳಿಸಿದೆ. ಮುಂದೆ ಎಂ.ಪಿ.ಎ. ಮಾಡುವ ಮನಸ್ಸಾದರೆ, ಬೇರೆ ಪದವಿಯವರಿಗೆ ಪ್ರವೇಶವಿದೆಯೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲಿ ಈಗಲೇ ನೋಡಿಟ್ಟುಕೊಳ್ಳಲು ಹೇಳಿದ್ದೇನೆ.

ಮೊದಲ ಸೆಮಿಸ್ಟರ್ ಮುಗಿದ ಮೇಲೆ ಮೂವರೂ ಮತ್ತೆ ಬರಲಿದ್ದಾರೆ. ಸದ್ಯಕ್ಕೆ ಅರೆಮಂಡಿಗೆ ಫಿಸಿಯೋಥೆರಪಿಸ್ಟ್ ಕೊಟ್ಟಿರುವ ಮಿತಿ ದಿನಕ್ಕೆ ಇಪ್ಪತ್ತು ನಿಮಿಷ. ಅದು ಗುರುಗಳಿಗೂ ಗೊತ್ತಿದೆ.